ಕಿಟ್ಟಿಯ ಹೆಸರಿನ ನಡುವಿನ ಓರೆಗೆರೆ: ಮರ್ರೆ ನದಿದಡದ ಒಂದು ವಂಶವೃಕ್ಷದ ಪ್ರಕರಣ

1998ರ ಡಿಸೆಂಬರ್ 18ರಂದು ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯದ ನ್ಯಾಯಮೂರ್ತಿ ಹೋವರ್ಡ್ ಓಲ್ನಿ ಕೊಟ್ಟ ತೀರ್ಪಿನಲ್ಲಿ ಒಬ್ಬ ಹೆಂಗಸಿನ ಹೆಸರು ಹೀಗಿದೆ: ಕಿಟ್ಟಿ ಅಟ್ಕಿನ್ಸನ್/ಕೂಪರ್. ಎರಡು ಅಡ್ಡಹೆಸರು, ನಡುವೆ ಒಂದು ಓರೆಗೆರೆ. ಆಕೆಯ ಮಗ ವಿಲಿಯಂ ಕೂಪರ್ ಮುಂದೆ ಮೂಲನಿವಾಸಿಗಳ ದೊಡ್ಡ ನಾಯಕನಾದ. ಅವನ ಜೀವನಚರಿತ್ರೆಯನ್ನು ತೆರೆದರೆ ತಾಯಿಯ ಹೆಸರು ಕಿಟ್ಟಿ ಲೂಯಿಸ್ ಎಂದಿದೆ. ಒಬ್ಬಳೇ ಹೆಂಗಸಿಗೆ ಮೂರು ಅಡ್ಡಹೆಸರು, ಮೂರೂ ಇಂಗ್ಲಿಷಿನವು. ಅವಳ ಜನರು ಅವಳನ್ನು ಏನೆಂದು ಕೂಗುತ್ತಿದ್ದರು ಎನ್ನುವುದಕ್ಕೆ ಈ ಮೂರರಲ್ಲಿ ಒಂದೂ ಉತ್ತರ ಕೊಡುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಮನೆತನದ ಚರಿತ್ರೆ ಹುಡುಕುವುದು ಎಷ್ಟು ಕಷ್ಟ, ಅದರಲ್ಲೂ ಮೂಲನಿವಾಸಿ ಬೇರುಗಳನ್ನು ಹುಡುಕುವುದು ಎಷ್ಟು ನೋವಿನ ಕೆಲಸ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಆ ಓರೆಗೆರೆಯನ್ನು. ಅದರ ಹಿಂದಿರುವುದು ಯೋರ್ಟಾ ಯೋರ್ಟಾ ಜನರ ಮೊಕದ್ದಮೆ. ಒಂದು ಇಡೀ ಸಮುದಾಯ ತನ್ನ ವಂಶವೃಕ್ಷವನ್ನು ಕಟಕಟೆಗೆ ತಂದು ನಿಲ್ಲಿಸಬೇಕಾಗಿ ಬಂದ ಪ್ರಕರಣ ಇದು.

ಮರ್ರೆ ಮತ್ತು ಗೋಲ್ಬರ್ನ್ ನದಿಗಳು ಕೂಡುವ ಸೀಮೆ ಯೋರ್ಟಾ ಯೋರ್ಟಾ ಜನರದ್ದು. ನೆರೆ ಬಂದಾಗ ತಿಂಗಳುಗಟ್ಟಲೆ ನೀರಿನಲ್ಲಿ ನಿಲ್ಲುವ ಕೆಂಪು ನೀಲಗಿರಿ ಮರಗಳ ಬಾರ್ಮಾ ಕಾಡು ಈ ಸೀಮೆಯಲ್ಲೇ ಇದೆ. 1992ರ ಮಾಬೋ ತೀರ್ಪು, ಬಿಳಿಯರು ಬರುವ ಮುನ್ನ ಈ ನೆಲ ಯಾರದ್ದೂ ಆಗಿರಲಿಲ್ಲ ಎಂಬ ಹಳೆಯ ಸುಳ್ಳನ್ನು ತಳ್ಳಿಹಾಕಿತು. ಮರುವರ್ಷ ಮೂಲನಿವಾಸಿ ಭೂಹಕ್ಕಿನ ಕಾನೂನು ಬಂತು. 1994ರಲ್ಲಿ ಯೋರ್ಟಾ ಯೋರ್ಟಾ ಜನ ಅರ್ಜಿ ಹಾಕಿದರು. ಅವರು ಕೇಳಿದ್ದು ಯಾರದೋ ಮನೆ ಹೊಲವನ್ನಲ್ಲ, ಸರ್ಕಾರದ ಕೈಯಲ್ಲಿದ್ದ ಕಾಡು, ನದಿ, ಖಾಲಿ ನೆಲವನ್ನು. ವಿಚಾರಣೆ 114 ದಿನ ನಡೆಯಿತು. 201 ಸಾಕ್ಷಿಗಳು ಬಂದರು. ಬರೆದಿಟ್ಟ ಸಾಕ್ಷ್ಯ 11,664 ಪುಟವಾಯಿತು.

ಅರ್ಜಿಯ ಬುಡದಲ್ಲಿದ್ದದ್ದು ಹದಿನೆಂಟು ಪೂರ್ವಜರ ಹೆಸರು. ನಾವು ಇವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಂದು ಅರ್ಜಿದಾರರು ಹೇಳಿದರು. ನ್ಯಾಯಾಲಯ ಕೇಳಿದ್ದು ಅದಕ್ಕಿಂತ ಹಿಂದಿನದನ್ನು: 1788ರಲ್ಲಿ, ಬ್ರಿಟಿಷ್ ರಾಜಸತ್ತೆ ಈ ಖಂಡದ ಪೂರ್ವಭಾಗದ ಮೇಲೆ ತನ್ನ ಅಧಿಕಾರ ಸಾರಿದ ಹೊತ್ತಿನಲ್ಲಿ, ಈ ಹದಿನೆಂಟು ಜನರ ಹಿರಿಯರು ಇದೇ ನೆಲದಲ್ಲಿ ಇದ್ದರೇ? ಹದಿನೆಂಟರಲ್ಲಿ ಇಬ್ಬರ ಮಟ್ಟಿಗೆ ಮಾತ್ರ ಅದು ಸಾಬೀತಾಗಿದೆ ಎಂದು ಓಲ್ನಿ ಬರೆದರು. ಒಬ್ಬ ಎಡ್ವರ್ಡ್ ವಾಕರ್, ಇನ್ನೊಬ್ಬಳು ಕಿಟ್ಟಿ. ಉಳಿದ ಹದಿನಾರು ಕೊಂಬೆಗಳು ಅಲ್ಲಿಗೇ ಕಡಿದುಹೋದವು.

ಪೌತಿ ಖಾತೆಗಾಗಿ ವಂಶವೃಕ್ಷ ಬರೆಸಲು ಓಡಾಡಿದವರಿಗೆ, ಅಜ್ಜನ ಅಪ್ಪನವರೆಗೆ ಹೋಗುವಷ್ಟರಲ್ಲಿ ಕಾಗದ ಮುಗಿದು ಊರ ಹಿರಿಯರ ಬಾಯಿಮಾತೇ ಆಧಾರವಾಗುವುದು ಗೊತ್ತು. ಮರ್ರೆ ದಡದಲ್ಲಿ ಕಾಗದ ಅದಕ್ಕೂ ಮೊದಲೇ ಮುಗಿಯುತ್ತದೆ. ಆ ಸೀಮೆಗೆ ಕುರಿಮಂದೆ ಹೊಡೆದುಕೊಂಡು ಬಿಳಿಯರು ಬಂದದ್ದು 1840ರ ಆಸುಪಾಸಿನಲ್ಲಿ. 1788ರಿಂದ ಅಲ್ಲಿಯವರೆಗಿನ ಅರ್ಧ ಶತಮಾನದಲ್ಲಿ ಅಲ್ಲಿ ಹುಟ್ಟಿದವರ, ಸತ್ತವರ ಹೆಸರು ಬರೆದುಕೊಳ್ಳಲು ಒಬ್ಬ ಗುಮಾಸ್ತನೂ ಇರಲಿಲ್ಲ. ಆದರೆ ಬಿಳಿಯರಿಗಿಂತ ಮೊದಲೇ ಅವರ ರೋಗ ಬಂದಿತ್ತು. 1830ರ ಸುಮಾರಿನ ಸಿಡುಬು ಆಗ್ನೇಯ ಆಸ್ಟ್ರೇಲಿಯಾದ ನದಿಬಯಲುಗಳಲ್ಲಿ ಹಬ್ಬಿ ಜನವಸತಿಗಳನ್ನೇ ಬರಿದು ಮಾಡಿತು. ಯಾರ ಮಗ ಯಾರು, ಯಾವ ಕವಲು ಯಾವ ಹೊಳೆಯದ್ದು ಎಂದು ಹೇಳಬಲ್ಲ ಹಿರಿಯರು ಒಟ್ಟೊಟ್ಟಿಗೆ ಹೋದರು. ಹಾಗೆ ಹೋದ ಮೇಲೆ ಉಳಿದವರ ಮೊಮ್ಮಕ್ಕಳನ್ನು ನಿಲ್ಲಿಸಿ, 1788ರ ಸಾಕ್ಷಿ ಕೊಡಿ ಎಂದರೆ ಅವರು ಎಲ್ಲಿಂದ ತರಬೇಕು?

ಕಾಗದ ಶುರುವಾದ ಮೇಲಾದರೂ ದಾರಿ ಸಲೀಸಾಯಿತೇ ಎಂದರೆ ಅದೂ ಇಲ್ಲ. ಮರ್ರೆ ನದಿ ಎರಡು ವಸಾಹತುಗಳ ಗಡಿ. ದಕ್ಷಿಣಕ್ಕೆ ವಿಕ್ಟೋರಿಯಾ, ಉತ್ತರಕ್ಕೆ ನ್ಯೂ ಸೌತ್ ವೇಲ್ಸ್. ಜನನ, ಮರಣ, ಮದುವೆಗಳ ಸರ್ಕಾರಿ ನೋಂದಣಿ ವಿಕ್ಟೋರಿಯಾದಲ್ಲಿ 1853ರಲ್ಲಿ, ನ್ಯೂ ಸೌತ್ ವೇಲ್ಸ್‌ನಲ್ಲಿ 1856ರಲ್ಲಿ ಆರಂಭವಾಯಿತು. ಇಂದಿಗೂ ಒಂದೊಂದು ರಾಜ್ಯಕ್ಕೆ ಒಂದೊಂದು ನೋಂದಣಿ ಕಚೇರಿ, ಒಂದೊಂದು ಶುಲ್ಕ, ಎಷ್ಟು ವರ್ಷ ಹಳೆಯ ದಾಖಲೆಯನ್ನು ಹೊರಗಿನವರಿಗೆ ತೆರೆಯಬಹುದು ಎಂಬುದಕ್ಕೆ ಒಂದೊಂದು ನಿಯಮ. ಯೋರ್ಟಾ ಯೋರ್ಟಾ ಜನರಿಗಾದರೋ ನದಿ ಗಡಿಯಲ್ಲ, ಮನೆಯ ಅಂಗಳ. ಈ ದಡದಲ್ಲಿ ಹುಟ್ಟಿದ ಮಗು ಆ ದಡದಲ್ಲಿ ಬೆಳೆಯುತ್ತದೆ, ಮೂರನೆಯ ಕಡೆ ಮಣ್ಣಾಗುತ್ತದೆ. ಹುಡುಕುವವರು ಒಂದೇ ಜೀವಕ್ಕಾಗಿ ಎರಡು ರಾಜ್ಯಗಳ ಬಾಗಿಲು ತಟ್ಟಬೇಕು. ಅದೂ ಯಾವ ಅಡ್ಡಹೆಸರಿನಲ್ಲಿ ತಟ್ಟುವುದು? ವಿಲಿಯಂ ಕೂಪರನಷ್ಟು ಹೆಸರಾದವನ ಹುಟ್ಟಿದ ವರ್ಷವೇ ಒಂದು ಕಡೆ 1860, ಇನ್ನೊಂದು ಕಡೆ 1861.

ಇನ್ನು ಜನಗಣತಿ. ಇಂಗ್ಲೆಂಡಿನಲ್ಲಿ ಮನೆತನ ಹುಡುಕುವವರು ಮೊದಲು ಕೈಹಾಕುವುದೇ ಹಳೆಯ ಜನಗಣತಿಯ ಮನೆಪಟ್ಟಿಗೆ. ಆಸ್ಟ್ರೇಲಿಯಾದಲ್ಲಿ ಲೆಕ್ಕ ತೆಗೆದ ಮೇಲೆ ಹೆಸರಿದ್ದ ನಮೂನೆಗಳನ್ನು ನಾಶ ಮಾಡುವುದು ಇಪ್ಪತ್ತನೆಯ ಶತಮಾನದುದ್ದಕ್ಕೂ ವಾಡಿಕೆಯಾಗಿತ್ತು. 1882ರಲ್ಲಿ ಸಿಡ್ನಿಯ ಗಾರ್ಡನ್ ಪ್ಯಾಲೇಸ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ನ್ಯೂ ಸೌತ್ ವೇಲ್ಸ್‌ನ 1881ರ ಗಣತಿಯ ದಾಖಲೆಗಳೂ ಉರಿದುಹೋದವು. ಹೆಸರು ಉಳಿಸಿಡಿ ಎಂದು ಜನರೇ ಒಪ್ಪಿಗೆ ಕೊಡುವ ಅವಕಾಶ ಬಂದದ್ದು 2001ರಲ್ಲಿ. ಅದು ತೆರೆದುಕೊಳ್ಳಲು 99 ವರ್ಷ ಕಾಯಬೇಕು. ಮೂಲನಿವಾಸಿಗಳ ಪಾಲಿಗೆ ಇದರ ಮೇಲೊಂದು ಬರೆ: ದೇಶದ ಜನಸಂಖ್ಯೆಯ ಲೆಕ್ಕದಲ್ಲಿ ಅವರನ್ನು ಸೇರಿಸಕೂಡದು ಎಂದು ಸಂವಿಧಾನದ 127ನೆಯ ವಿಧಿಯೇ ಹೇಳುತ್ತಿತ್ತು. ಅದನ್ನು ಕಿತ್ತುಹಾಕಿದ್ದು 1967ರ ಜನಮತಗಣನೆ.

ಹಾಗೆಂದು ಮೂಲನಿವಾಸಿಗಳ ಬಗ್ಗೆ ಬರೆದೇ ಇಲ್ಲ ಎಂದುಕೊಳ್ಳಬಾರದು. ಬಹಳ ಬರೆದಿದ್ದಾರೆ. ಅವರನ್ನು ‘ರಕ್ಷಿಸಲು’ ಕೂತ ಮಂಡಳಿಗಳು ಪಡಿತರದ ಕಂಬಳಿಯಿಂದ ಹಿಡಿದು ಮೈಬಣ್ಣದವರೆಗೆ ಎಲ್ಲವನ್ನೂ ಬರೆದಿಟ್ಟವು. ಅರ್ಧರಕ್ತ, ಕಾಲುರಕ್ತ, ಅರೆಪಾಲುರಕ್ತ ಎಂದು ಮನುಷ್ಯರನ್ನು ಭಿನ್ನರಾಶಿಗಳಾಗಿ ಒಡೆದ ಮಾತುಗಳು ಆ ಕಡತಗಳ ತುಂಬ ಇವೆ. ಈ ಲೆಕ್ಕ ಬರೀ ಬೈಗುಳವಾಗಿದ್ದರೆ ಓದಿ ಸಹಿಸಬಹುದಿತ್ತು. ಅದು ಮನೆ ಒಡೆಯುವ ಆಜ್ಞೆಯೂ ಆಗಿತ್ತು. ವಿಕ್ಟೋರಿಯಾದ 1886ರ ಕಾಯಿದೆ ‘ಅರ್ಧರಕ್ತ’ದವರೆಂದು ಕರೆದ 34 ವರ್ಷದೊಳಗಿನವರನ್ನು ಮೂಲನಿವಾಸಿಗಳಿಗೆಂದು ಇದ್ದ ಸರ್ಕಾರಿ ವಸತಿಗಳಿಂದ ಹೊರಹಾಕಿತು. ಅಕ್ಕ ಒಳಗೆ, ತಮ್ಮ ಹೊರಗೆ. ಹಾಗೆ ಹೊರಬಿದ್ದವರಲ್ಲಿ ಅನೇಕರು ನದಿ ದಾಟಿ ಉತ್ತರ ದಡಕ್ಕೆ ಬಂದರು. ನೂರು ವರ್ಷದ ಮೇಲೆ ಯಾರೋ ಕೇಳುತ್ತಾರೆ: ಈ ಮನೆತನ ಇದೇ ನೆಲದ್ದೋ, ಬೇರೆ ಕಡೆಯಿಂದ ಬಂದದ್ದೋ? ಅವರನ್ನು ಒಕ್ಕಲೆಬ್ಬಿಸಿದ ಸರ್ಕಾರದ ವಂಶಸ್ಥ ಸರ್ಕಾರವೇ ಎದುರುಪಕ್ಷದಲ್ಲಿ ಕೂತು ಆ ಪ್ರಶ್ನೆ ಕೇಳಿತು ಎಂಬುದನ್ನು ನಾನು ಎಷ್ಟು ಸಲ ಓದಿದರೂ ಸಿಟ್ಟು ಇಳಿಯುವುದಿಲ್ಲ.

ನ್ಯೂ ಸೌತ್ ವೇಲ್ಸ್‌ನ ಕಡೆ 1909ರ ಕಾಯಿದೆ ಬಂತು. 1915ರ ತಿದ್ದುಪಡಿ ಕೋರ್ಟಿನ ಹಂಗಿಲ್ಲದೆ ಮಕ್ಕಳನ್ನು ಎತ್ತಿಕೊಂಡು ಹೋಗುವ ಅಧಿಕಾರವನ್ನು ಮಂಡಳಿಗೆ ಕೊಟ್ಟಿತು. 1917ರಲ್ಲಿ ಮೂನಾಕುಲ್ಲಾ ವಸತಿಯ ಶಾಲೆಯಿಂದ ಮಾರ್ಗರೆಟ್ ಟಕರ್ ಎಂಬ ಹುಡುಗಿಯನ್ನೂ ಅವಳ ತಂಗಿಯನ್ನೂ ಪೊಲೀಸರು ಕರೆದೊಯ್ದು ಕೂಟಮಂಡ್ರಾದ ಹೆಣ್ಣುಮಕ್ಕಳ ನಿಲಯಕ್ಕೆ ಸೇರಿಸಿದರು. ಮನೆಗೆಲಸಕ್ಕೆ ತಯಾರು ಮಾಡುವ ಜಾಗ ಅದು. ಹಾಗೆ ಹೋದ ಮಕ್ಕಳಲ್ಲಿ 1916ರಿಂದ 1928ರವರೆಗಿನವರ ದಾಖಲೆಪುಸ್ತಕ ಉಳಿದಿದೆ. ಅದನ್ನು ನೋಡಲು ಕುಟುಂಬದವರು ಅರ್ಜಿ ಹಾಕಬೇಕು. ಮನೆತನದ ಕೊಂಡಿ ಹುಡುಕುವ ಎಷ್ಟೋ ಜನರಿಗೆ ಅಜ್ಜಿಯ ಬಗ್ಗೆ ಸಿಗುವ ಏಕೈಕ ಬರಹ, ಅವಳನ್ನು ತಾಯಿಯಿಂದ ಕಿತ್ತುಕೊಂಡವನು ತುಂಬಿದ ಒಂದು ಸಾಲು. ಆ ಸಾಲನ್ನು ಒಬ್ಬರೇ ಕೂತು ಓದಬೇಡಿ, ಮನೆಯವರನ್ನು ಜೊತೆಗೆ ಕೂರಿಸಿಕೊಳ್ಳಿ ಎಂದು ನಾನು ಯಾರಿಗಾದರೂ ಹೇಳುತ್ತೇನೆ.

ಕಿಟ್ಟಿಯ ಮನೆಗೆ ಮರಳೋಣ. 1874ರಲ್ಲಿ ಡೇನಿಯಲ್ ಮ್ಯಾಥ್ಯೂಸ್ ಎಂಬ ಧರ್ಮಪ್ರಚಾರಕ ಮರ್ರೆಯ ಉತ್ತರ ದಡದಲ್ಲಿ ಮಲೋಗಾ ಎಂಬ ವಸತಿ ತೆರೆದ. ಕಿಟ್ಟಿ ಮಕ್ಕಳೊಂದಿಗೆ ಅಲ್ಲಿಗೆ ಬಂದಳು. 1881ರಲ್ಲಿ ಮಲೋಗಾದ 42 ಗಂಡಸರು ನ್ಯೂ ಸೌತ್ ವೇಲ್ಸ್‌ನ ಗವರ್ನರನಿಗೆ ಒಂದು ಮನವಿ ಬರೆದರು. ನಮ್ಮ ಎಲ್ಲೆಯೊಳಗಿನ ನೆಲವನ್ನೆಲ್ಲ ಸರ್ಕಾರವೂ ಬಿಳಿಯರೂ ತೆಗೆದುಕೊಂಡರು, ಬೇಟೆಯ ಬಯಲು ಕುರಿಮಾಳವಾಯಿತು, ಹೊಟ್ಟೆಪಾಡು ಕಷ್ಟವಾಗಿದೆ, ಉತ್ತು ಬೆಳೆದು ದನ ಸಾಕಲು ಒಂದಿಷ್ಟು ನೆಲ ಕೊಡಿ ಎಂಬುದು ಅದರ ಸಾರ. ವಂಶಾವಳಿ ಹುಡುಕುವವರಿಗೆ ಇದೊಂದು ನಿಧಿ. ಇಂಥ ವರ್ಷ, ಇಂಥ ಜಾಗದಲ್ಲಿ, ಇಂಥ ಮನುಷ್ಯರು ಇದ್ದರು, ‘ನಮ್ಮ ಎಲ್ಲೆ’ ಎಂದು ಹೇಳಿದರು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಗದ ಬೇಕೇ?

ನ್ಯಾಯಾಲಯದಲ್ಲಿ ಅದು ತಿರುಗಿಬಿತ್ತು. ಉಳುಮೆಗೆ ನೆಲ ಕೇಳಿದರು ಎಂದರೆ ಹಳೆಯ ಬದುಕನ್ನು ಬಿಟ್ಟರು ಎಂದಾಯಿತು ಎಂದು ಓಲ್ನಿ ಆ ಮನವಿಯನ್ನು ಓದಿದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಈ ಜನ ತಮ್ಮ ಕಟ್ಟಳೆಗಳಂತೆ ನೆಲದ ಮೇಲೆ ಇರುವುದನ್ನು ನಿಲ್ಲಿಸಿದ್ದರು, ಚರಿತ್ರೆಯ ಅಲೆ ಅವನ್ನು ತೊಳೆದುಹಾಕಿದೆ ಎಂಬುದು ಅವರ ತೀರ್ಮಾನ. ಹೀಗಾಗಿ ವಂಶ ಸಾಬೀತಾದ ಕಿಟ್ಟಿಯ ಮಕ್ಕಳಿಗೂ ನೆಲ ಸಿಗಲಿಲ್ಲ. ಹಸಿದವರು ಅನ್ನ ಕೇಳಿ ಬರೆದ ಕಾಗದವನ್ನು ಅವರ ಮೊಮ್ಮಕ್ಕಳ ವಿರುದ್ಧ ಹೀಗೆ ಬಳಸಬಹುದಾದರೆ, ಬರವಣಿಗೆ ಎನ್ನುವುದು ಯಾರ ಪರ ಸಾಕ್ಷಿ?

ಬರವಣಿಗೆಯ ತೂಕದ ಬಗ್ಗೆ ತೀರ್ಪು ಮುಚ್ಚುಮರೆಯಿಲ್ಲದೆ ಮಾತಾಡಿದೆ. ಎಡ್ವರ್ಡ್ ಕರ್ ಎಂಬಾತ 1841ರಲ್ಲಿ, ಇಪ್ಪತ್ತು ದಾಟಿದ ತರುಣನಾಗಿ ಇದೇ ಸೀಮೆಯ ಟೊಂಗಾಲಾದಲ್ಲಿ ಕುರಿಮಾಳ ಹಿಡಿದ. ಹತ್ತು ವರ್ಷ ಇದ್ದು ಹೋದ. ತನ್ನ ನೆನಪುಗಳನ್ನು 1883ರಲ್ಲಿ ಪುಸ್ತಕ ಮಾಡಿದ. ಬಾಯಿಂದ ಬಾಯಿಗೆ ಬಂದ ಮಾತಿಗೆ ಕರ್ ಬರೆದದ್ದಕ್ಕಿಂತ ಕಡಿಮೆ ತೂಕ ಕೊಡಬೇಕು ಎಂದು ಓಲ್ನಿ ಬರೆದರು, ಏಕೆಂದರೆ ಅದು ಇನ್ನೂರು ವರ್ಷ ಹಲವು ತಲೆಮಾರು ದಾಟಿ ಬಂದದ್ದು. ಕರ್ ಬರೆದದ್ದೂ ನಾಲ್ಕು ದಶಕದ ಹಳೆಯ ನೆನಪನ್ನೇ ಅಲ್ಲವೇ? ಅವನು 1875ರಿಂದ 1883ರವರೆಗೆ ವಿಕ್ಟೋರಿಯಾದ ಮೂಲನಿವಾಸಿ ರಕ್ಷಣಾ ಮಂಡಳಿಯ ಸದಸ್ಯನಾಗಿದ್ದ, ಕೊರಂಡರ್ಕ್ ಎಂಬ ಮೂಲನಿವಾಸಿ ವಸತಿಯನ್ನು ಮುಚ್ಚಬೇಕೆಂದು ವಾದಿಸಿದವರಲ್ಲಿ ಒಬ್ಬ ಎನ್ನುವುದನ್ನೂ ತಕ್ಕಡಿಗೆ ಹಾಕಬೇಕು. ಮನೆತನದ ಚರಿತ್ರೆ ಹುಡುಕುವ ಪ್ರತಿಯೊಬ್ಬರೂ ಕಡತದ ಮುಂದೆ ಕೂತಾಗ ಇದನ್ನು ಮಾಡಬೇಕು: ಏನು ಬರೆದಿದೆ ಎಂದು ನೋಡುವ ಮೊದಲು ಬರೆದವನು ಯಾರು, ಅವನಿಗೆ ಏನು ಬೇಕಿತ್ತು ಎಂದು ಕೇಳಬೇಕು.

ಈ ಮರದ ಒಂದು ಕೊಂಬೆ ನಮ್ಮ ಕಡೆಗೂ ಚಾಚಿದೆ.

1881ರ ಜನವರಿಯಲ್ಲಿ ಮೆಲ್ಬರ್ನಿನ ಬ್ರೈಟನ್ ಕಡಲತೀರದಲ್ಲಿ ಮ್ಯಾಥ್ಯೂಸ್ ಮತ್ತು ಮಲೋಗಾದ ಹಾಡುಗಾರರನ್ನು ಕಂಡ ಒಬ್ಬ ತರುಣ, ನಾನು ನಿಮ್ಮಲ್ಲಿ ಪಾಠ ಹೇಳುತ್ತೇನೆ ಎಂದು ಮುಂದೆ ಬಂದ. ಹೆಸರು ಥಾಮಸ್ ಶಾಡ್ರಾಕ್ ಜೇಮ್ಸ್. 1885ರಲ್ಲಿ ಅವನು ಕಿಟ್ಟಿಯ ಮಗಳು ಏಡಾಳನ್ನು ಮದುವೆಯಾದ. ವಿಲಿಯಂ ಕೂಪರನಿಗೆ ಭಾವನಾದ. 1888ರಲ್ಲಿ ಮಲೋಗಾದ ಜನ ಹತ್ತಿರದ ಕಮ್ಮರಗಂಜಾ ವಸತಿಗೆ ಹೋದಾಗ ಮೇಷ್ಟ್ರೂ ಹೋದರು. 1922ರಲ್ಲಿ ನಿವೃತ್ತರಾಗುವವರೆಗೆ ಅಲ್ಲೇ ಕಲಿಸಿದರು. ಅವರ ಕೈಯಲ್ಲಿ ಅಕ್ಷರ ಕಲಿತವರು ಮುಂದೆ ಮೂಲನಿವಾಸಿ ಹಕ್ಕಿನ ಹೋರಾಟವನ್ನು ಕಟ್ಟಿದರು. ಆ ಶಾಲೆಯ ಹುಡುಗ ಡಗ್ಲಸ್ ನಿಕೋಲ್ಸ್ 1976ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಗವರ್ನರ್ ಆದರು.

ಜೇಮ್ಸ್ ಎಂಬ ಹೆಸರಿನಲ್ಲಿ ಭಾರತದ ಸುಳಿವು ಸಿಗುವುದಿಲ್ಲ. ಶಾಡ್ರಾಕ್ ಎಂಬುದು ಬೈಬಲ್ಲಿನ ಹೆಸರು. ಆದರೆ ಮೇಷ್ಟ್ರು ಹುಟ್ಟಿದ್ದು 1859ರಲ್ಲಿ, ಮಾರಿಷಸ್‌ನ ಮೋಕಾದಲ್ಲಿ. ತಂದೆ ಭಾರತದಲ್ಲಿ ಹುಟ್ಟಿದ ದುಭಾಷಿ. ಮನೆತನದ ಹೆಸರು ಪೀರ್‌ಸಾಹೇಬ್. ವಿಜಯಪುರದಿಂದ ಕೋಲಾರದವರೆಗೆ ಯಾವ ಊರಿನಲ್ಲಾದರೂ ಪಕ್ಕದ ಮನೆಯಲ್ಲಿ ಕೇಳಬಹುದಾದ ಹೆಸರು! ನಾನು ಇದನ್ನು ಮೊದಲು ಓದಿದಾಗ ಪುಟದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಕಡಲು ದಾಟುವಾಗ ಬಿಟ್ಟುಹೋದ ಆ ಒಂದು ಹೆಸರನ್ನು ಮತ್ತೆ ಹಿಡಿಯಲು ಅವರ ಸಂತತಿಗೆ ತಲೆಮಾರುಗಳೇ ಬೇಕಾದವು. ವಂಶಸ್ಥರೊಬ್ಬರು ತಮ್ಮ ಮೂಲನಿವಾಸಿ ಮತ್ತು ಭಾರತೀಯ ಹಿರಿಯರಿಗಾಗಿ ನಡೆಸಿದ 73 ವರ್ಷಗಳ ಹುಡುಕಾಟ ಪುಸ್ತಕವಾಗಿ ಹೊರಬಂದದ್ದು 2014ರಲ್ಲಿ. ಭಾರತದಿಂದ ಮಾರಿಷಸ್‌ಗೆ ಹೋದ ಕೂಲಿಕಾರರ ವಲಸೆ ದಾಖಲೆಗಳಿರುವ ಮಹಾತ್ಮ ಗಾಂಧಿ ಸಂಸ್ಥೆ ಇಂದು ಇರುವುದೂ ಅದೇ ಮೋಕಾದಲ್ಲಿ.

ಇದರ ತಿರುವುಮುರುವೂ ಆಸ್ಟ್ರೇಲಿಯಾದಲ್ಲಿ ಉಂಟು. ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆಂಬ ಭಯದಲ್ಲಿ, ಬೀದಿಯ ಅವಮಾನಕ್ಕೆ ಹೆದರಿ, ಎಷ್ಟೋ ಮೂಲನಿವಾಸಿ ಮನೆಗಳು ತಮ್ಮ ಬಣ್ಣಕ್ಕೆ ಬೇರೆ ಕಾರಣ ಹೇಳಿದವು: ನಾವು ಭಾರತೀಯರು, ಮಾವೋರಿಗಳು, ಸ್ಪೇನಿನವರು. ಅಜ್ಜಿ ಇಂಡಿಯಾದವಳಂತೆ ಎಂಬ ಮಾತು ಮನೆಯಲ್ಲಿ ಉಳಿದಿದ್ದರೆ ಅದು ನಿಜವೂ ಇರಬಹುದು, ಮಕ್ಕಳನ್ನು ಕಾಪಾಡಲು ಹೇಳಿದ ಸುಳ್ಳೂ ಇರಬಹುದು. ಅಂಥ ಸುಳ್ಳನ್ನು ಕೆದಕುವಾಗ ಕೈ ಮೃದುವಾಗಿರಬೇಕು. ಅಜ್ಜಿ ಆ ಸುಳ್ಳು ಹೇಳಿದ್ದರಿಂದಲೇ ಮಗು ಮನೆಯಲ್ಲಿ ಉಳಿದಿರಬಹುದು.

ಬಾಯಿಮಾತನ್ನು ನಂಬಬೇಕು ಎಂದಾಗ ಕುರುಡಾಗಿ ನಂಬಬೇಕು ಎಂದು ನಾನು ಹೇಳುತ್ತಿಲ್ಲ. ಅದರ ಭಾಷೆ ತಿಳಿದು ಕೇಳಬೇಕು. ಅನೇಕ ಮೂಲನಿವಾಸಿ ಸಮುದಾಯಗಳಲ್ಲಿ ತಾಯಿಯ ಅಕ್ಕತಂಗಿಯರೂ ತಾಯಂದಿರೇ. ಇಂಗ್ಲಿಷ್ ನಮೂನೆಯಲ್ಲಿ ತಾಯಿ ಎಂಬ ಒಂದೇ ಖಾನೆ ಇರುವಾಗ ಇಬ್ಬರು ಮೊಮ್ಮಕ್ಕಳು ಎರಡು ಹೆಸರು ಹೇಳಿದರೆ ಗುಮಾಸ್ತ ಒಬ್ಬರನ್ನು ತಪ್ಪೆನ್ನುತ್ತಾನೆ. ದೊಡ್ಡಮ್ಮ, ಚಿಕ್ಕಮ್ಮ ಎಂದು ಕೂಗಿ ಬೆಳೆದ ನಮಗೆ ಇದು ವಿವರಿಸದೆಯೇ ಅರ್ಥವಾಗುತ್ತದೆ. ಆ ಎರಡು ಮಾತಿನೊಳಗೂ ಅಮ್ಮ ಇದ್ದಾಳೆ. ಜೇಮ್ಸ್ ಮೇಷ್ಟ್ರನ್ನು ಕಮ್ಮರಗಂಜಾದ ಮಕ್ಕಳು ಅಜ್ಜ ಎಂದೇ ಕರೆಯುತ್ತಿದ್ದರು. ಹಾಗೆ ಕರೆದವರೆಲ್ಲ ರಕ್ತದ ಮೊಮ್ಮಕ್ಕಳಲ್ಲ, ಹಾಗೆಂದು ಆ ಕರೆ ಸುಳ್ಳೂ ಅಲ್ಲ. ಇದನ್ನು ಬಿಡಿಸಿಕೊಳ್ಳಲು ಹಿರಿಯರ ಹತ್ತಿರ ಕೂತು, ಅಜ್ಜ ಎಂದರೆ ಯಾವ ಅಜ್ಜ ಎಂದು ಕೇಳುವುದೊಂದೇ ದಾರಿ.

1938ರಲ್ಲಿ ಮಾನವಶಾಸ್ತ್ರಜ್ಞ ನಾರ್ಮನ್ ಟಿಂಡೇಲ್ ಕಮ್ಮರಗಂಜಾಕ್ಕೂ ಬಂದ. ಜನರನ್ನು ಸಾಲಾಗಿ ನಿಲ್ಲಿಸಿ ಅಳತೆ ತೆಗೆದ, ಎದುರಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ಹಿಡಿದ, ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟ, ಹಾಳೆಗಳ ಮೇಲೆ ವಂಶಾವಳಿ ಬರೆದ. ಜನಾಂಗ ವಿಜ್ಞಾನದ ಹೆಸರಿನ ಆ ಕೆಲಸವನ್ನು ಇಂದು ಯಾರೂ ಮೆಚ್ಚುವುದಿಲ್ಲ. ಆದರೂ ಅಡಿಲೇಡಿನ ದಕ್ಷಿಣ ಆಸ್ಟ್ರೇಲಿಯಾ ವಸ್ತುಸಂಗ್ರಹಾಲಯದಲ್ಲಿರುವ ಆ ಫೋಟೋಗಳಿಗಾಗಿ ಕುಟುಂಬಗಳು ಕಾತರದಿಂದ ಬರೆಯುತ್ತವೆ, ಏಕೆಂದರೆ ಎಷ್ಟೋ ಮನೆಗಳಿಗೆ ಮುತ್ತಜ್ಜಿಯ ಮುಖ ಇರುವುದು ಅಲ್ಲಿ ಮಾತ್ರ. ತೀರಿಕೊಂಡವರ ಹೆಸರು, ಚಿತ್ರ ಇದರಲ್ಲಿವೆ ಎಂಬ ಎಚ್ಚರಿಕೆಯ ಸಾಲು ಇಂಥ ಸಂಗ್ರಹಗಳ ಬಾಗಿಲಲ್ಲೇ ಇರುತ್ತದೆ. ಸತ್ತವರ ಹೆಸರನ್ನು ಸೂತಕದ ಕಾಲದಲ್ಲಿ ಎತ್ತದ ಪದ್ಧತಿ ಅನೇಕ ಸಮುದಾಯಗಳಲ್ಲಿದೆ. ಹೆಸರನ್ನೇ ಹಿಡಿದು ಹುಡುಕಬೇಕಾದ ಕೆಲಸದಲ್ಲಿ ಇದೂ ಒಂದು ಕಷ್ಟ. ಆದರೆ ಈ ಕಷ್ಟಕ್ಕೆ ತಲೆಬಾಗಬೇಕು.

ಮೇಲ್ಮನವಿಗಳು ನಡೆದವು. 2001ರಲ್ಲಿ ಫೆಡರಲ್ ನ್ಯಾಯಾಲಯದ ಪೂರ್ಣಪೀಠ ಮೂವರಲ್ಲಿ ಇಬ್ಬರ ಬಹುಮತದಿಂದ ಓಲ್ನಿಯವರ ತೀರ್ಪನ್ನು ಎತ್ತಿಹಿಡಿಯಿತು. ಒಪ್ಪದ ಒಬ್ಬರು ಮುಖ್ಯ ನ್ಯಾಯಮೂರ್ತಿ ಮೈಕೆಲ್ ಬ್ಲ್ಯಾಕ್. ಪರಿಣತಿಯಿಲ್ಲದ ನೋಡುಗರು ಅಕಸ್ಮಾತ್ತಾಗಿ ಬರೆದಿಟ್ಟ ತುಣುಕುಗಳಿಂದ ಒಂದು ಸಮಾಜದ ಬದುಕನ್ನು ಅಳೆಯುವ ಅಪಾಯದ ಬಗ್ಗೆ ಅವರು ಎಚ್ಚರಿಸಿದರು. 2002ರ ಡಿಸೆಂಬರ್ 12ರಂದು ಹೈಕೋರ್ಟ್, ಅಂದರೆ ಆ ದೇಶದ ಸರ್ವೋಚ್ಚ ನ್ಯಾಯಾಲಯ, ಏಳು ನ್ಯಾಯಮೂರ್ತಿಗಳಲ್ಲಿ ಐವರ ಬಹುಮತದಿಂದ ಅರ್ಜಿಯನ್ನು ಕೊನೆಗಾಣಿಸಿತು.

2004ರಲ್ಲಿ ವಿಕ್ಟೋರಿಯಾ ಸರ್ಕಾರ ನ್ಯಾಯಾಲಯದ ಹೊರಗೆ ಯೋರ್ಟಾ ಯೋರ್ಟಾ ಜನರೊಂದಿಗೆ ಒಪ್ಪಂದ ಮಾಡಿಕೊಂಡು, ಆ ಸೀಮೆಯ ಸರ್ಕಾರಿ ನೆಲ, ನೀರಿನ ನಿರ್ವಹಣೆಯಲ್ಲಿ ಅವರಿಗೆ ಮಾತಾಡುವ ಜಾಗ ಕೊಟ್ಟಿತು. ಬಾರ್ಮಾ ಕಾಡು 2010ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಜನರ ಪರವಾಗಿ ಇಂದು ಕೆಲಸ ಮಾಡುವ ಯೋರ್ಟಾ ಯೋರ್ಟಾ ನೇಷನ್ ನಿಗಮಕ್ಕೆ ಸದಸ್ಯರಾಗಲು ಮೂಲ ಪೂರ್ವಜರೊಬ್ಬರ ಸಂತತಿ ಎಂದು ತೋರಿಸಬೇಕು. ಆ ಪೂರ್ವಜರ ಪಟ್ಟಿ ಓಲ್ನಿ ಒಪ್ಪಿದ ಇಬ್ಬರಿಗೆ ನಿಂತಿಲ್ಲ. ತೀರ್ಪು ಕಡಿದ ಕೊಂಬೆಗಳ ಮಕ್ಕಳೂ ಕಿಟ್ಟಿಯ ಮಕ್ಕಳ ಪಕ್ಕದಲ್ಲಿಯೇ ಕೂರುತ್ತಾರೆ.